36 ದಿನದ ಋತುಚಕ್ರ: ಅಂಡ ಬಿಡುಗಡೆಯಾಗುವುದು ಯಾವಾಗ?

ಪ್ರಶ್ನೆ: ನನಗೆ 35–36 ದಿನಗಳಿಗೊಮ್ಮೆ ಮುಟ್ಟಾಗುತ್ತದೆ, ಲೆಕ್ಕ ತಪ್ಪುವುದಿಲ್ಲ. 14ನೇ ದಿನ ಅಂಡ ಬಿಡುಗಡೆಯಾಗುತ್ತದೆ ಎಂದು ಓದಿ, 12ರಿಂದ 16ನೇ ದಿನದವರೆಗೆ ಅಂಡ ಬಿಡುಗಡೆ ಪತ್ತೆಹಚ್ಚುವ ಕಿಟ್‌ನಲ್ಲಿ ಮೂತ್ರ ಪರೀಕ್ಷಿಸಿದೆ. ಎರಡನೇ ಗೆರೆ ಗಾಢವಾಗಲೇ ಇಲ್ಲ. ಅಂಡ ಬಿಡುಗಡೆಯಾದ ಮೇಲೆ ಏರುವ ಪ್ರೊಜೆಸ್ಟರಾನ್ ಹಾರ್ಮೋನ್ 21ನೇ ದಿನದ ರಕ್ತಪರೀಕ್ಷೆಯಲ್ಲೂ ಕಡಿಮೆ. ನನ್ನಲ್ಲಿ ಅಂಡವೇ ಬಿಡುಗಡೆಯಾಗುತ್ತಿಲ್ಲವೇ?

ಉತ್ತರ (ಸ್ತ್ರೀರೋಗ ತಜ್ಞೆ): ಈ ಎರಡು ಪರೀಕ್ಷೆಗಳನ್ನು ನಂಬಿ ಹಾಗೆ ಹೇಳಲಾಗದು. 14ನೇ ದಿನ, 21ನೇ ದಿನ ಎರಡೂ 28 ದಿನದ ಚಕ್ರದವರಿಗೆ ಹೊಂದುವ ಲೆಕ್ಕ. ವಯಸ್ಕರಲ್ಲಿ 24ರಿಂದ 38 ದಿನಗಳ ಚಕ್ರವೂ ಸಹಜವೇ.

ಚಕ್ರದ ಮೊದಲರ್ಧದಲ್ಲಿ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಸ್ರವಿಸುವ ಎಫ್‌ಎಸ್‌ಎಚ್ ಎಂಬ ಹಾರ್ಮೋನಿನಿಂದ ಅಂಡಾಶಯದಲ್ಲಿ ಹಲವು ಅಂಡಕೋಶಗಳು (ಒಳಗೆ ಒಂದೊಂದು ಅಂಡವಿರುವ ಚಿಕ್ಕ ಚೀಲಗಳು) ಬೆಳೆಯತೊಡಗುತ್ತವೆ. ಅವುಗಳಲ್ಲಿ ಒಂದು ಮುಂದೆ ಸಾಗಿ ಈಸ್ಟ್ರೋಜನ್ ಹಾರ್ಮೋನನ್ನು ಹೆಚ್ಚಿಸುತ್ತದೆ; ಉಳಿದವು ನಶಿಸುತ್ತವೆ. ಈ ಬೆಳವಣಿಗೆಗೆ ಕೆಲವರಲ್ಲಿ ಹತ್ತು ದಿನ ಸಾಕು, ಕೆಲವರಲ್ಲಿ ಮೂರು ವಾರ ಬೇಕು. ಅಂಡ ಹೊರಬಿದ್ದ ಮೇಲೆ ಹಾಗಲ್ಲ. ಖಾಲಿಯಾದ ಕೋಶ ಕಾರ್ಪಸ್ ಲೂಟಿಯಂ ಆಗಿ ಪ್ರೊಜೆಸ್ಟರಾನ್ ಸ್ರವಿಸುತ್ತದೆ. ಗರ್ಭ ನಿಲ್ಲದಿದ್ದರೆ ಅದರ ಆಯುಷ್ಯ ಸುಮಾರು ಎರಡು ವಾರ, ಒಂದೆರಡು ದಿನ ಆಚೀಚೆ. ಅದು ಮುಗಿದಾಗ ಮುಟ್ಟಾಗುತ್ತದೆ. ಆದ್ದರಿಂದ ಮುಂದಿನ ಮುಟ್ಟಿನಿಂದ ಎರಡು ವಾರ ಹಿಂದಕ್ಕೆ ಎಣಿಸಿ. ನಿಮ್ಮಲ್ಲಿ ಅಂಡ ಬಿಡುಗಡೆ 22ನೇ ದಿನದ ಸುಮಾರಿಗೆ ಬೀಳುತ್ತದೆ. 21ನೇ ದಿನ ಪ್ರೊಜೆಸ್ಟರಾನ್ ಕಡಿಮೆ ಇರಲೇಬೇಕಲ್ಲವೇ! ಕಿಟ್ ಅನ್ನು 17ನೇ ದಿನದಿಂದ ಆರಂಭಿಸಿ, ರಕ್ತಪರೀಕ್ಷೆಯನ್ನು 29ನೇ ದಿನದ ಹೊತ್ತಿಗೆ ಮಾಡಿಸಿ. ಕಿಟ್ ಗುರುತಿಸುವುದು ಅಂಡ ಬಿಡುಗಡೆಗೆ ಮುನ್ನ ಏರುವ ಎಲ್‌ಎಚ್ ಎಂಬ ಪಿಟ್ಯುಟರಿ ಹಾರ್ಮೋನನ್ನು; ಪಿಸಿಒಎಸ್ (ಹಾರ್ಮೋನ್ ಏರುಪೇರಿನ ಒಂದು ತೊಂದರೆ) ಇದ್ದರೆ ಅದು ಸದಾ ಹೆಚ್ಚಿರಬಹುದು, ಆಗ ಕಿಟ್ ದಾರಿ ತಪ್ಪಿಸುತ್ತದೆ.

ಪ್ರಶ್ನೆ: ಈಸ್ಟ್ರೋಜನ್ ಪಿಟ್ಯುಟರಿಯನ್ನು ತಡೆಯುತ್ತದೆ ಎಂದು ಒಂದು ಕಡೆ, ಅದೇ ಎಲ್‌ಎಚ್ ಅನ್ನು ಏರಿಸುತ್ತದೆ ಎಂದು ಇನ್ನೊಂದು ಕಡೆ ಓದಿದ್ದೇನೆ. ಯಾವುದು ಸರಿ?

ಉತ್ತರ: ಎರಡೂ ಸರಿ, ಮತ್ತು ಇಡೀ ಚಕ್ರದ ಸ್ವಾರಸ್ಯ ಇರುವುದೇ ಇಲ್ಲಿ. ಈಸ್ಟ್ರೋಜನ್ ಕಡಿಮೆ ಅಥವಾ ಮಧ್ಯಮ ಮಟ್ಟದಲ್ಲಿರುವಾಗ ಹೈಪೋಥಲಾಮಸ್ (ಪಿಟ್ಯುಟರಿಯನ್ನು ನಿಯಂತ್ರಿಸುವ ಮಿದುಳಿನ ಭಾಗ) ಮತ್ತು ಪಿಟ್ಯುಟರಿಗೆ ಕಡಿವಾಣ ಹಾಕುತ್ತದೆ. ಎಫ್‌ಎಸ್‌ಎಚ್ ಇಳಿದು ಚಿಕ್ಕ ಕೋಶಗಳು ಹಿಂದೆ ಬೀಳುವುದು ಇದರಿಂದಲೇ. ಆದರೆ ಬಲಿತ ಕೋಶದಿಂದ ಅದು ಮಿಲಿಲೀಟರಿಗೆ ಸುಮಾರು 200 ಪಿಕೋಗ್ರಾಂ ದಾಟಿ ಎರಡು ದಿನ ಅಲ್ಲೇ ನಿಂತರೆ ಪರಿಣಾಮ ತಿರುವುಮುರುವಾಗುತ್ತದೆ: ಪಿಟ್ಯುಟರಿ ಕೂಡಿಟ್ಟ ಎಲ್‌ಎಚ್ ಒಮ್ಮೆಲೇ ಹೊರಬರುತ್ತದೆ. ಮಟ್ಟ ಮುಟ್ಟಿದರೆ ಸಾಲದು, ನಿಲ್ಲಲೂ ಬೇಕು. ಅಂಡ ನಿಜಕ್ಕೂ ಬಲಿತಿದೆ ಎಂಬುದಕ್ಕೆ ಅದೇ ಸೂಚನೆ. ಎಲ್‌ಎಚ್ ಏರತೊಡಗಿದ ಸುಮಾರು 36 ಗಂಟೆಗಳಲ್ಲಿ ಅಂಡ ಹೊರಬೀಳುತ್ತದೆ. ಬಳಿಕ ಅದು ಬದುಕುವುದು 12ರಿಂದ 24 ಗಂಟೆ. ವೀರ್ಯಾಣು ಐದು ದಿನದವರೆಗೂ ಉಳಿಯಬಲ್ಲದು. ಹಾಗಾಗಿ ಗರ್ಭಧಾರಣೆ ಬಯಸುವವರು ಅಂಡ ಬಿಡುಗಡೆಗೆ ಮುಂಚಿನ ದಿನಗಳನ್ನೇ ಕಳೆದುಕೊಳ್ಳಬಾರದು.

ಪ್ರಶ್ನೆ: ಪ್ರತಿ ತಿಂಗಳು ರಕ್ತಸ್ರಾವವಾದರೆ ಅಂಡ ಬಿಡುಗಡೆಯಾಗಿದೆ ಎಂದೇ ಅರ್ಥವೇ?

ಉತ್ತರ: ಕ್ರಮಬದ್ಧವಾಗಿದ್ದರೆ ಬಹುಮಟ್ಟಿಗೆ ಹೌದು, ಖಚಿತವಾಗಿ ಅಲ್ಲ. ಈಸ್ಟ್ರೋಜನ್ ಮಾತ್ರದಿಂದ ದಪ್ಪಗಾದ ಗರ್ಭಕೋಶದ ಒಳಪದರವೂ ಕಳಚಿ ರಕ್ತ ಬರಬಹುದು; ಮುಟ್ಟು ಶುರುವಾದ ಮೊದಲ ವರ್ಷಗಳಲ್ಲಿ ಮತ್ತು ನಿಲ್ಲುವ ಹೊತ್ತಿನಲ್ಲಿ ಇದು ಹೆಚ್ಚು. ಗರ್ಭನಿರೋಧಕ ಮಾತ್ರೆಯ ಬಿಡುವಿನ ವಾರದಲ್ಲಿ ಬರುವುದೂ ಹಾರ್ಮೋನ್ ನಿಲ್ಲಿಸಿದ್ದರಿಂದಾಗುವ ಸ್ರಾವ, ಅಂಡಕ್ಕೂ ಅದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ಶಸ್ತ್ರಚಿಕಿತ್ಸೆಯಲ್ಲಿ ನನ್ನ ಬಲಗಡೆಯ ಅಂಡನಾಳ ತೆಗೆದಿದ್ದಾರೆ. ಬಲ ಅಂಡಾಶಯದಿಂದ ಬಂದ ಅಂಡ ವ್ಯರ್ಥವೇ?

ಉತ್ತರ: ಎಲ್ಲ ಸಲವೂ ಅಲ್ಲ. ಅಂಡನಾಳದ ತುದಿ ಅಂಡಾಶಯಕ್ಕೆ ಬೆಸೆದುಕೊಂಡಿಲ್ಲ. ಬೆರಳಿನಂಥ ಅಂಚುಗಳಿಂದ ಅಂಡವನ್ನು ಸೆಳೆದುಕೊಳ್ಳುತ್ತದೆ. ಎಡನಾಳ ಬಲ ಅಂಡಾಶಯದ ಅಂಡವನ್ನು ಹಿಡಿದು ಗರ್ಭ ನಿಂತ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿವೆ. ನಿಮ್ಮ ಎಡನಾಳ ತೆರೆದಿದೆಯೇ ಎಂಬುದನ್ನು ಮೊದಲು ಪರೀಕ್ಷಿಸಿಕೊಳ್ಳಿ.