ಮಗಳು ಕಾಮರ್ಸ್ ಅಂತಾಳೆ, ನಮಗೆ ಸೈನ್ಸ್ ಆಸೆ, ಏನ್ ಮಾಡೋದು?

ಹಾಸನದ ಅಪ್ಪ:
ನಮಸ್ಕಾರ ಎಲ್ರಿಗೂ, ಮಗಳದ್ದು ಎಸ್ಸೆಸ್ಸೆಲ್ಸಿ ಮುಗೀತು, 91 ಪರ್ಸೆಂಟ್ ಬಂದಿದೆ, ನಾನೂ ನನ್ ಹೆಂಡ್ತೀನೂ ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾತ್ಸ್, ಬಯಾಲಜಿ) ಅಂತ ಯಾವಾಗ್ಲೋ ಡಿಸೈಡ್ ಮಾಡಿಟ್ಕೊಂಡಿದ್ವಿ ಆದ್ರೆ ಅವಳು ಕಾಮರ್ಸೇ ಬೇಕು, ಸಿಎ ಮಾಡ್ತೀನಿ ಅಂತ ಹಠ ಹಿಡಿದಿದಾಳೆ. ನಿನ್ನೆ ಅಪ್ಲಿಕೇಶನ್‌ನಲ್ಲಿ ನಾನೇ ಪಿಸಿಎಂಬಿ ಅಂತ ಬರೆದೆ, ತಲೆಯೆತ್ತಿ ನೋಡಿದ್ರೆ ಮುದ್ದೆ ಮುರೀದೇನೇ ತಟ್ಟೆ ಬಿಟ್ಟು ಎದ್ದು ಹೋಗಿದಾಳೆ. ರಾತ್ರಿಯೆಲ್ಲಾ ನಿದ್ದೆ ಬರ್ಲಿಲ್ಲ.

ಪಿಯು ಮೇಷ್ಟ್ರು:
ಸರ್, ಬಲವಂತಕ್ಕೆ ಸೈನ್ಸ್ ಸೇರಿದ ಮಕ್ಕಳನ್ನ ವರ್ಷಾವರ್ಷ ನೋಡ್ತೀನಿ, ಲ್ಯಾಬಲ್ಲಿ ಬ್ಯುರೆಟ್ ಹಿಡ್ಕೊಂಡು ಕಿಟಕಿ ಕಡೆ ನೋಡ್ತಿರ್ತವೆ. ಇಂಜಿನಿಯರಿಂಗ್ ಸಿಇಟಿ ರ್ಯಾಂಕಿಗೆ ಪಿಯು ಮಾರ್ಕ್ಸೂ ಅರ್ಧ ಲೆಕ್ಕಕ್ಕೆ ಬರುತ್ತೆ, ಮನಸ್ಸಿಲ್ದೆ ಓದಿದ್ರೆ ಎರಡೂ ಕಡೆ ಹೊಡ್ತ.

ಇಬ್ರು ಮಕ್ಕಳ ಅಮ್ಮ:
ನಾನು ಪೂರ್ತಿ ಒಪ್ಪಲ್ಲ ಮೇಷ್ಟ್ರೇ. ಸೈನ್ಸ್ ಓದಿದವರು ನಾಳೆ ಬಿಕಾಂಗೂ ಹೋಗ್ಬಹುದು, ಕಾಮರ್ಸ್ ಓದಿ ಮೆಡಿಕಲ್‌ಗೆ ನೀಟ್ ಬರೆಯೋಕಾಗಲ್ಲ, ಇದನ್ನ ಮಗೂಗೆ ಕೂರಿಸ್ಕೊಂಡು ಬಿಡಿಸಿ ಹೇಳೋದು ಅಪ್ಪ ಅಮ್ಮನ ಕೆಲ್ಸಾನೇ. ಆದ್ರೆ ಫಾರಂ ಅವಳ ಕೈಯಲ್ಲೇ ತುಂಬಿಸ್ಬೇಕಿತ್ತು ಅಣ್ಣಾ.

ಬೆಂಗಳೂರಿಂದ ಒಬ್ಳು:
ನಮ್ಮಪ್ಪನೂ ಹೀಗೇ ಬರೆದಿದ್ರು. ಸೆಕೆಂಡ್ ಪಿಯು ಫಿಸಿಕ್ಸ್ ಹೋಯ್ತು, ಅದಕ್ಕಿಂತ ಹೆಚ್ಚಾಗಿ ಎರಡು ವರ್ಷ ಅಪ್ಪನ ಜೊತೆ ಸರಿಯಾಗಿ ಮಾತೇ ಆಡ್ಲಿಲ್ಲ, ಅದು ಇವತ್ತಿಗೂ ನೋವು. ಪ್ಲೀಸ್ ಒಂದ್ಸಲ ಅವಳನ್ನೇ ಕೇಳಿ ಅಂಕಲ್.

ಹಾಸನದ ಅಪ್ಪ:
ಅಪ್ಲಿಕೇಶನ್ ಇನ್ನೂ ಕೊಟ್ಟಿಲ್ಲಮ್ಮ. ಸಂಜೆ ಹೊಸ ಫಾರಂ ತಂದು ಅವಳ ಮುಂದೆ ಇಡ್ತೀನಿ.