5-1 ಸೋತ ಮೇಲೆ 1-0 ಗೆದ್ದೆವು: ಡಿಫೆನ್ಸ್ ನಿಜಕ್ಕೂ ಸುಧಾರಿಸಿದೆಯಾ, ಹೇಗೆ ತಿಳಿಯೋದು?

ಬೈನಾ ಕೋಚ್:
ಎಲ್ಲರಿಗೂ ನಮಸ್ಕಾರ. ಗೋವಾದ ವಾಸ್ಕೋದ ಬೈನಾದಲ್ಲಿ 15 ವರ್ಷದೊಳಗಿನ ಹುಡುಗರ ಫುಟ್‌ಬಾಲ್ ತಂಡ ನೋಡ್ಕೋತೀನಿ. ಅರ್ಧ ಜನ ನಮ್ಮ ಕಡೆಯವರ ಮಕ್ಕಳು, ಗದಗ, ಬಾಗಲಕೋಟೆ, ವಿಜಯಪುರದಿಂದ ದುಡಿಯೋಕೆ ಬಂದು ಇಲ್ಲೇ ನೆಲೆಸಿದವರು. ಉಳಿದವರು ಕೊಂಕಣಿ ಮನೆಯವರು.

ಎರಡು ವಾರದ ಹಿಂದೆ 5-1ರಲ್ಲಿ ಸೋತೆವು. ಮೂರು ಗೋಲು ನಮ್ಮ ಲೆಫ್ಟ್ ಬ್ಯಾಕ್ (ಎಡಗಡೆ ಕಾಯೋ ಡಿಫೆಂಡರ್) ಬೆನ್ನ ಹಿಂದೆ ಬಾಲ್ ಹಾಕಿ ಹೊಡೆದದ್ದು, ಒಂದು ಪೆನಾಲ್ಟಿ, ಒಂದು ಕಾರ್ನರ್. ಆ ಲೆಫ್ಟ್ ಬ್ಯಾಕ್ ಹುಡುಗನ್ನ ಕೂರಿಸಿ ಬೇರೆಯವನನ್ನ ಹಾಕಿದೆ. ನಾಲ್ಕೂ ಬ್ಯಾಕ್‌ಗಳಿಗೆ ಬಾಕ್ಸ್ (ಗೋಲಿನ ಮುಂದೆ ಗೆರೆ ಹಾಕಿದ ದೊಡ್ಡ ಚೌಕ) ಬಿಟ್ಟು ಮುಂದೆ ಹೋಗಬೇಡಿ ಅಂದೆ. ಈ ಭಾನುವಾರ 1-0 ಗೆದ್ದೆವು. ಪಾಲಕರೆಲ್ಲ ಡಿಫೆನ್ಸ್ ಸರಿಹೋಯ್ತು ಅಂತಿದಾರೆ. ನನಗೆ ಸಮಾಧಾನ ಇಲ್ಲ. ಕೊನೆಯ ಇಪ್ಪತ್ತು ನಿಮಿಷ ಎದೆ ಡವಡವ ಅಂತಿತ್ತು. ಎರಡೂ ಮ್ಯಾಚಿನ ವಿಡಿಯೋ ಇದೆ, ಮೈದಾನದ ಪಕ್ಕದ ಮನೆಯ ಟೆರೇಸಿನಿಂದ ಮೊಬೈಲ್‌ನಲ್ಲಿ ತೆಗೆದದ್ದು. ಅದರಲ್ಲಿ ಏನು ನೋಡಬೇಕು?

ಪುಣೆ ವಿಂಗರ್:
ಗೋಲು ಪಕ್ಕಕ್ಕಿಡ್ರಿ, ಎದುರಾಳಿ ಹೊಡೆದ ಶಾಟ್ ಎಣಿಸ್ರಿ. ಪ್ರತಿ ಶಾಟಿಗೂ ಒಂದು ಸಾಲು: ಬಾಕ್ಸಿನ ಒಳಗೋ ಹೊರಗೋ, ಕಾಲೋ ತಲೆಯೋ, ಬಾಲಿಗೂ ಗೋಲಿಗೂ ನಡುವೆ ನಮ್ಮವರು ಎಷ್ಟು ಜನ, ಬಾಲ್ ಅಲ್ಲಿಗೆ ಬಂದದ್ದು ಹೇಗೆ. ಎಲ್ಲ ಶಾಟಿಗೂ ಒಂದೇ ತೂಕ ಅಲ್ಲ. ಪೆನಾಲ್ಟಿ ನಾಲ್ಕರಲ್ಲಿ ಮೂರು ಗೋಲಾಗ್ತವೆ. ಬಾಕ್ಸಿನ ಹೊರಗಿಂದ ಹೊಡೆದರೆ ಹತ್ತರಲ್ಲಿ ಒಂದೂ ಒಳಗೆ ಹೋಗೋದು ಕಷ್ಟ.

2022ರ ವಿಶ್ವಕಪ್‌ನಲ್ಲಿ ಅರ್ಜೆಂಟೀನಾ ಮೊದಲ ಮ್ಯಾಚಲ್ಲೇ ಸೌದಿ ಅರೇಬಿಯಾಕ್ಕೆ 2-1 ಸೋತದ್ದು ನೆನಪಿದೆಯಲ್ಲ? ಸೌದಿಯವರು ಇಡೀ ಮ್ಯಾಚಲ್ಲಿ ಹೊಡೆದದ್ದು ಮೂರೇ ಶಾಟ್, ಎರಡು ಗೋಲಾದವು. ಸ್ಕೋರ್ ನೋಡಿ ಡಿಫೆನ್ಸ್ ಕುಸಿದಿದೆ ಅಂದುಕೊಳ್ಳಬೇಕು. ಮುಂದಿನ ಎರಡು ಮ್ಯಾಚ್, ಮೆಕ್ಸಿಕೋ ಮತ್ತು ಪೋಲೆಂಡ್ ವಿರುದ್ಧ, ಒಂದೂ ಗೋಲು ಬಿಡಲಿಲ್ಲ. ಕಪ್ಪೂ ಅವರದ್ದೇ ಆಯ್ತು.

ಬೈನಾ ಕೋಚ್:
ರಾತ್ರಿ ಕೂತು ಎಣಿಸಿದೆ. ಸೋತ ಮ್ಯಾಚಲ್ಲಿ ಎದುರಾಳಿ 9 ಶಾಟ್, 7 ಬಾಕ್ಸಿನ ಒಳಗೆ. ಗೆದ್ದ ಮ್ಯಾಚಲ್ಲಿ 14, ಅದರಲ್ಲಿ 8 ಒಳಗೆ, ಎರಡು ಪೋಸ್ಟಿಗೆ ಬಡಿದವು. ಎಡಗಡೆ ಬೆನ್ನ ಹಿಂದಿನಿಂದ ಮೊದಲ ಮ್ಯಾಚಲ್ಲಿ 4 ಸಲ ಬಂದಿದ್ದರು, ಎರಡನೆಯದರಲ್ಲಿ ಒಂದೂ ಇಲ್ಲ. ಆದರೆ ನಾವು ಹೊಡೆದಟ್ಟಿದ ಬಾಲ್ ಬಾಕ್ಸಿನ ಬಾಯಲ್ಲೇ ಬಿದ್ದು, ಅದನ್ನ ಅವರೇ ಎತ್ತಿಕೊಂಡು ಹೊಡೆದದ್ದು 9 ಸಲ. ಅಂದರೆ ಹೋದ ಮ್ಯಾಚ್‌ಗಿಂತ ನಾವು ಕೆಟ್ಟು ಆಡಿದ್ದೀವಾ?

ಹಳೇ ಸ್ಟಾಪರ್:
ತಮ್ಮಾ, ಅವಸರ ಬ್ಯಾಡ. ನಿಮ್ಮ ಗೋಲ್ ಎಷ್ಟನೇ ನಿಮಿಷಕ್ಕ ಬಂತು?

ಬೈನಾ ಕೋಚ್:
12ನೇ ನಿಮಿಷ, ಕಾಕಾ.

ಹಳೇ ಸ್ಟಾಪರ್:
ಹಂಗಾದ್ರ 14 ಅನ್ನೋದನ್ನ ಸ್ವಲ್ಪ ತಗ್ಗಿಸಿ ಓದಬೇಕು. ಹಿಂದ ಬಿದ್ದ ತಂಡ ಮೈಮ್ಯಾಲೆ ಬಂದು ಹೊಡೀತೈತಿ, ಮುಂದಿದ್ದ ತಂಡ ತಾನಾಗೇ ಹಿಂದ ಸರೀತೈತಿ. ಇದು ದೊಡ್ಡ ತಂಡಗಳಲ್ಲೂ ಅಷ್ಟೇ. ಸ್ಕೋರ್ ಸಮ ಇದ್ದ ನಿಮಿಷ ಬ್ಯಾರೆ, ನೀವು ಮುಂದಿದ್ದ ನಿಮಿಷ ಬ್ಯಾರೆ ಎಣಿಸು. ಆದ್ರ ಬಾಕ್ಸಿನ ಒಳಗಿನ 8 ಮಾತ್ರ ತಗ್ಗಿಸಾಕ ಬರೂದಿಲ್ಲ. ಬ್ಯಾಕ್ ನಾಲ್ಕೂ ಜನ ಗೋಲಿನ ಮುಂದ ಇಳಿದ್ರು, ನಡುವ ಆಡೂ ಹಾಫ್‌ಗಳು ಮುಂದೇ ಉಳದ್ರು. ನಡುವ ಖಾಲಿ ಬಿತ್ತು. ಆ ಒಂಬತ್ತು ಬಾಲ್ ಬಿದ್ದದ್ದು ಆ ಖಾಲಿಯೊಳಗ.

ವಿಡಿಯೋ ನಿಲ್ಲಿಸಿ ಅಳೀಬಹುದು. ಬಾಕ್ಸಿನ ಗೆರೆ ಗೋಲ್ ಲೈನಿನಿಂದ 16.5 ಮೀಟರ್ ದೂರ, ಅದೇ ನಿನ್ನ ಗಜಕೋಲು. ಬ್ಯಾಕ್ ಸಾಲಿಂದ ಮುಂದಿನ ಫಾರ್ವರ್ಡ್ ತನಕ ಎಷ್ಟು ದೂರ ಐತಿ ನೋಡು. ಇಟಲಿಯ ಮಿಲಾನ್ ತಂಡ ಕಟ್ಟಿದ ಕೋಚ್ ಅರ್ರಿಗೊ ಸಾಕಿ ಅದನ್ನ 25 ಮೀಟರ್ ಆಸುಪಾಸು ಇಡಸ್ತಿದ್ದ. ಹುಡುಗರಿಗೆ 35 ಆದ್ರೂ ನಡೀತೈತಿ, ಆದ್ರ ಎಲ್ಲಾರೂ ಕೂಡೇ ಏರಬೇಕು, ಕೂಡೇ ಇಳೀಬೇಕು.

ಇನ್ನೊಂದು. ಆ ಮೂರು ಗೋಲನ್ನ ಗೋಲಾದ ಕ್ಷಣ ನೋಡಬ್ಯಾಡ. ಹತ್ತು ಸೆಕೆಂಡ್ ಹಿಂದ ಹೋಗು. ಬಾಲ್ ಕೊಡೂವಾಗ ನಿಮ್ಮ ನಾಲ್ಕು ಜನರ ಕಾಲು ಎಲ್ಲಿದ್ವು?

ಬೈನಾ ಕೋಚ್:
ಕಾಕಾ, ಇದನ್ನ ಬರೀತಾ ಕೈ ನಡುಗ್ತಿದೆ.

ಮೂರೂ ಗೋಲಲ್ಲಿ ಒಂದೇ ಚಿತ್ರ. ಮೂರು ಬ್ಯಾಕ್‌ಗಳು ಮುಂದೆ ಓಡ್ತಾರೆ, ಲೆಫ್ಟ್ ಬ್ಯಾಕ್ ಒಬ್ಬನೇ ನಿಂತಲ್ಲೇ ನಿಲ್ತಾನೆ. ಕೀಪರ್ ಬಿಟ್ಟರೆ ಕೊನೆಯವನು ಅವನೇ, ಹಾಗಾಗಿ ಎದುರಾಳಿ ಆಫ್‌ಸೈಡ್ ಆಗೋದೇ ಇಲ್ಲ (ಬಾಲ್ ಕೊಡುವಾಗ ಅವನನ್ನೂ ದಾಟಿ ಗೋಲಿನ ಕಡೆ ನಿಂತಿದ್ದರೆ ಮಾತ್ರ ಆಫ್‌ಸೈಡ್). ಸೋಮಾರಿತನ ಅಂದುಕೊಂಡಿದ್ದೆ. ಇಯರ್‌ಫೋನ್ ಹಾಕಿ ದನಿ ಜೋರು ಮಾಡಿ ಕೇಳಿದೆ. ಪ್ರತಿ ಸಲ ಕೀಪರ್ ಕೊಂಕಣಿಯಲ್ಲಿ 'ಭಾಯ್ರ್! ಭಾಯ್ರ್!' ಅಂತ ಕೂಗ್ತಾನೆ. ಅವನು ಹೇಳೋದು ಹೊರಗೆ ಬನ್ನಿ, ಸಾಲು ಮೇಲೆ ತನ್ನಿ ಅಂತ. ನಮ್ಮ ಲೆಫ್ಟ್ ಬ್ಯಾಕ್ ಈ ಜೂನ್‌ನಲ್ಲಷ್ಟೇ ಗದಗದ ಕಡೆಯಿಂದ ಬಂದ ಹುಡುಗ. ಗೆರೆ ದಾಟಿದ ಬಾಲಿಗೆ ಹುಡುಗರು 'ಭಾಯ್ರ್ ಗೆಲೊ' (ಹೊರಗೆ ಹೋಯ್ತು) ಅನ್ನೋದನ್ನ ಕೇಳಿ ಆ ಪದ ಕಲಿತಿದ್ದ. ಸಂಜೆ ಅವನನ್ನ ಕರೆದು ಕೇಳಿದೆ. 'ಬಾಲ್ ಹೊರಗ ಹೋತು ಅಂತ ತಿಳ್ಕೊಂಡು ನಿಂತೆ ರೀ ಸರ್' ಅಂದ. ಎರಡು ವಾರ ಅವನನ್ನ ಬೆಂಚಲ್ಲಿ ಕೂರಿಸಿದ್ದೆ, ಯಾಕೆ ನಿಂತೆ ಅಂತ ಒಂದು ಮಾತು ಕೇಳಿರಲಿಲ್ಲ. ತಪ್ಪು ನನ್ನದು ಅಂತ ಎಲ್ಲ ಹುಡುಗರ ಮುಂದೆ ಹೇಳಿದೆ.

ಈಗ ಎಲ್ಲರಿಗೂ ಒಂದೇ ಕೂಗು, 'ಅಪ್'. ಕೀಪರ್ ಕೂಗಿದರೆ ಸ್ಟಾಪರ್ (ನಡುವಿನ ಡಿಫೆಂಡರ್) ತಿರುಗಿ ಕೂಗಬೇಕು, ಕೇಳಿದವರು ಕೈ ಎತ್ತಬೇಕು.

ಪುಣೆ ವಿಂಗರ್:
ಅವನನ್ನ ವಾಪಸ್ ಹಾಕ್ರಿ. ಆದರೆ ಒಂದೇ ಮ್ಯಾಚ್ ನೋಡಿ ತೀರ್ಮಾನ ಮಾಡಬೇಡ್ರಿ. 2016ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಚೆಲ್ಸಿ ತಂಡ ಆರ್ಸೆನಲ್‌ಗೆ 3-0 ಸೋತಾಗ ಕೋಚ್ ಕೊಂಟೆ ಹಿಂದೆ ಮೂರು ಜನರನ್ನ ಇಡೋ ಆಟಕ್ಕೆ ಹೊರಳಿದರು. ಆಮೇಲೆ ಲೀಗ್‌ನಲ್ಲಿ ಸತತ ಆರು ಮ್ಯಾಚ್ ಒಂದೂ ಗೋಲು ಬಿಡಲಿಲ್ಲ. ಆರು ಅಂದರೆ ನಂಬಬಹುದು.

ಬೈನಾ ಕೋಚ್:
ಮೂರನೇ ಮ್ಯಾಚ್ ಮುಗೀತು. ಬೆಳಿಗ್ಗೆಯಿಂದ ಮಳೆ, ಮೈದಾನ ಪೂರ್ತಿ ಕೆಂಪು ಕೆಸರು. 1-0 ಸೋತೆವು, ದೂರದ ಫ್ರೀ ಕಿಕ್ ಕೆಸರಲ್ಲಿ ಪುಟಿದು ಕೀಪರ್ ಕೈ ಜಾರಿತು. ಎದುರಾಳಿ ಶಾಟ್ ಒಟ್ಟು 6, ಬಾಕ್ಸಿನ ಒಳಗೆ 2. ಬಾಕ್ಸಿನ ಬಾಯಲ್ಲಿ ಎತ್ತಿಕೊಂಡು ಹೊಡೆದದ್ದು 1. ಎಡಗಡೆಯಿಂದ ಒಂದೂ ಇಲ್ಲ. ಅವರ ಫಾರ್ವರ್ಡ್ ನಾಲ್ಕು ಸಲ ಆಫ್‌ಸೈಡ್ ಆದ, ಮೂರು ಸಲ ಮೊದಲು ಕೈ ಎತ್ತಿದವನು ನಮ್ಮ ಗದಗದ ಹುಡುಗ. ಪಾಲಕರು ಬೇಜಾರಲ್ಲಿ ಮನೆಗೆ ಹೋದರು. ನಾನು ಮಾತ್ರ ಚೀಟಿಯಲ್ಲಿ ಬರೆದ ಲೆಕ್ಕ ತೋರಿಸಿ, ಮೂರು ಮ್ಯಾಚಲ್ಲಿ ಇದೇ ಒಳ್ಳೇ ಡಿಫೆನ್ಸ್ ಅಂತ ಹುಡುಗರಿಗೆ ಹೇಳಿದೆ.

ಹಳೇ ಸ್ಟಾಪರ್:
ಬರೋಬರಿ ಹೇಳಿದಿ ತಮ್ಮಾ. ಇನ್ನ ಐದಾರು ಮ್ಯಾಚ್ ಇದೇ ಲೆಕ್ಕ ಇಡು. ಆ ಫ್ರೀ ಕಿಕ್ ಕೊಟ್ಟವ್ರು ಯಾರು, ಯಾಕ ಎಳದ್ರು? ಅದಕ್ಕೂ ಹತ್ತು ಸೆಕೆಂಡ್ ಹಿಂದಿಂದ ನೋಡಿ ಬರಿ.