ನೀರು 19 ಡಿಗ್ರಿ ಆದ ಕೂಡಲೇ ಆಯ್ಸ್ಟರ್ ಮುಟ್ಟಬೇಡಿ ಅಂತಾರೆ, ಯಾಕೆ?

ಬಳಚು_ಹುಡುಗ:
ಎಲ್ಲರಿಗೂ ನಮಸ್ಕಾರ. ಊರು ಕುಮಟಾ, ಓದುತ್ತಿರುವುದು ಟಾಸ್ಮೇನಿಯಾದ ಹೋಬಾರ್ಟ್‌ನಲ್ಲಿ. ರಜೆ ಅಂತ ಇಲ್ಲೊಂದು ಆಯ್ಸ್ಟರ್ (ತಿನ್ನುವ ಕಡಲ ಚಿಪ್ಪುಜೀವಿ) ಫಾರ್ಮ್‌ಗೆ ಕೆಲಸಕ್ಕೆ ಸೇರಿದ್ದೇನೆ. ಚಿಕ್ಕಂದಿನಲ್ಲಿ ಅಘನಾಶಿನಿ ನದಿಯಲ್ಲಿ ಬಳಚು (ಚಿಕ್ಕ ಚಿಪ್ಪುಜೀವಿ) ಆರಿಸಿದವನು, ಇದೇನು ಮಹಾ ಅಂದುಕೊಂಡಿದ್ದೆ.

ಮೊದಲ ಎರಡು ವಾರ ಬರೀ ಗ್ರೇಡಿಂಗ್. ಬುಟ್ಟಿ ತರುವುದು, ಮಷಿನ್‌ಗೆ ಸುರಿಯುವುದು, ಸೈಜ್ ನೋಡಿ ಮತ್ತೆ ತುಂಬುವುದು. ಮೊನ್ನೆ ಸೋಮವಾರ ಶೆಡ್ಡಿನ ಬೋರ್ಡಿನಲ್ಲಿ ‘ನೀರು 19’ ಅಂತ ಬರೆದಿದ್ದರು. ಅಷ್ಟೇ, ಎಲ್ಲ ಬಂದ್. ಒಂದು ಬುಟ್ಟಿಯನ್ನೂ ಅಲುಗಿಸಬೇಡಿ ಎಂದರು. ಕೇಳಿದರೆ ‘ಪಾಮ್ಸ್’ ಎಂಬ ಒಂದೇ ಮಾತು.

ನೆಟ್‌ನಲ್ಲಿ ಹುಡುಕಿದೆ. ಅದು ಆಯ್ಸ್ಟರ್‌ಗಳನ್ನು ಸಾಯಿಸುವ ರೋಗವಂತೆ, ತರುವುದು ಹರ್ಪಿಸ್ ಜಾತಿಯ ವೈರಸ್ಸಂತೆ. ಇದನ್ನು ಅಮ್ಮನಿಗೆ ಫೋನಿನಲ್ಲಿ ಹೇಳಿ ದೊಡ್ಡ ತಪ್ಪು ಮಾಡಿದೆ. ಚಿಪ್ಪು ತಾಗಿ ನನ್ನ ಕೈ ತುಂಬ ಗಾಯ ಬೇರೆ. ‘ಇವತ್ತೇ ಕೆಲಸ ಬಿಡು’ ಅಂತ ಕೂತಿದ್ದಾಳೆ. ನನಗೇನಾದರೂ ಬರುತ್ತದಾ? ಮತ್ತೆ, ಇದಕ್ಕೆ ಔಷಧಿ, ಲಸಿಕೆ ಏನೂ ಇಲ್ವಾ?

ಮತ್ಸ್ಯಗಂಧಿ:
ಅಮ್ಮನಿಗೆ ಧೈರ್ಯ ಹೇಳಿ. ಹರ್ಪಿಸ್ ಅನ್ನೋದು ಒಂದು ದೊಡ್ಡ ಬಳಗ. ಇದು ಚಿಪ್ಪುಜೀವಿಗಳಿಗಷ್ಟೇ ಅಂಟುವ ಜಾತಿ, ಮನುಷ್ಯರಿಗೆ ಬರುವುದಿಲ್ಲ. ತಿಂದರೂ ಬರುವುದಿಲ್ಲ.

ಆದರೆ ಗಾಯದ ವಿಷಯದಲ್ಲಿ ಅಮ್ಮ ಹೇಳುವುದು ಪೂರ್ತಿ ಸುಳ್ಳಲ್ಲ. ಬೆಚ್ಚಗಿನ ಉಪ್ಪುನೀರಿನಲ್ಲಿ ವಿಬ್ರಿಯೊ ಎಂಬ ಬ್ಯಾಕ್ಟೀರಿಯಾ ಇರುತ್ತದೆ, ಅದು ಗಾಯದೊಳಗೆ ಸೇರಿದರೆ ಕಷ್ಟ. ದಪ್ಪ ಗ್ಲೌಸ್ ಹಾಕಿ. ಕೊಯ್ದುಕೊಂಡರೆ ಕೂಡಲೇ ಸಿಹಿನೀರು, ಸೋಪು. ಗಾಯ ಕೆಂಪಾಗಿ ಊದಿಕೊಂಡರೆ ‘ನಾಳೆ ನೋಡೋಣ’ ಅನ್ನಬೇಡಿ, ಡಾಕ್ಟರ್ ಹತ್ತಿರ ಹೋಗಿ.

ಶಿರಸಿ_ಟು_ಸಿಡ್ನಿ:
ತಮ್ಮಾ, ನಿನ್ನ ಬಾಸ್ ಸರಿಯಾಗಿಯೇ ಹೇಳಿದ್ದಾರೆ. ಸ್ವಲ್ಪ ಉದ್ದ ಬರೆಯುತ್ತೇನೆ, ಪುರಸೊತ್ತಿದ್ದಾಗ ಓದು.

2013ರ ಜನವರಿಯಲ್ಲಿ ನಾನು ಸಿಡ್ನಿಯ ಉತ್ತರಕ್ಕಿರುವ ಹಾಕ್ಸ್‌ಬರಿ ನದಿಯಲ್ಲಿ ಒಂದು ಕುಟುಂಬದ ಲೀಸ್‌ನಲ್ಲಿ, ಅಂದರೆ ಆಯ್ಸ್ಟರ್ ಬೆಳೆಯಲು ಗುತ್ತಿಗೆ ಹಿಡಿದ ಜಾಗದಲ್ಲಿ, ದುಡಿಯುತ್ತಿದ್ದೆ. ಒಂದು ಶುಕ್ರವಾರ ನೋಡಿದ ಟ್ರೇ ಚೆನ್ನಾಗಿಯೇ ಇತ್ತು. ಜೀವ ಇರುವ ಆಯ್ಸ್ಟರ್ ಹೇಗಿರುತ್ತದೆ ಗೊತ್ತಲ್ಲ, ಕೈ ತಾಗಿದರೆ ಬಾಯಿ ಬಿಗಿ ಹಿಡಿಯುತ್ತದೆ. ಎರಡನ್ನು ಒಂದಕ್ಕೊಂದು ಬಡಿದರೆ ಕಲ್ಲಿನ ಸದ್ದು. ಸೋಮವಾರ ಹೋಗಿ ಅದೇ ಟ್ರೇ ಎತ್ತಿದರೆ ಒಡೆದ ಹೆಂಚಿನ ಹಾಗೆ ಗಲಗಲ. ಎಲ್ಲ ಬಾಯಿ ತೆರೆದಿವೆ, ಬೆರಳಲ್ಲಿ ತಟ್ಟಿದರೂ ಮುಚ್ಚುವುದಿಲ್ಲ. ಒಳಗಿನ ಮಾಂಸ ಆಗಲೇ ಕರಗುತ್ತಿತ್ತು. ಆ ವಾಸನೆ ಬಟ್ಟೆಯಿಂದ ಹೋಗಲಿಲ್ಲ, ಕೊನೆಗೆ ಬಟ್ಟೆಯನ್ನೇ ಎಸೆದೆ. ಕೆಲವೇ ದಿನಗಳಲ್ಲಿ ಆ ನದಿಯಲ್ಲಿ ಸತ್ತದ್ದು ಒಂದು ಕೋಟಿಗೂ ಹೆಚ್ಚು.

ನಮ್ಮ ಯಜಮಾನರು ಬೈಯಲಿಲ್ಲ, ಅಳಲಿಲ್ಲ. ದೋಣಿಯ ಅಂಚಿಗೆ ಕೂತು ಟೀ ಕುಡಿದರು. ಯಾಕೆಂದರೆ ಅವರಿಗೆ ಇದು ಎರಡನೇ ಸಲ. ಹಾಕ್ಸ್‌ಬರಿಯಲ್ಲಿ ಮೊದಲು ಬೆಳೆಯುತ್ತಿದ್ದದ್ದು ಅಲ್ಲಿನದೇ ಸಿಡ್ನಿ ರಾಕ್ ಆಯ್ಸ್ಟರ್. 2004ರಲ್ಲಿ ಅದಕ್ಕೆ ಕ್ಯೂಎಕ್ಸ್ ಎಂಬ ಪರೋಪಜೀವಿ ರೋಗ ಬಂದು ನದಿಯೇ ಖಾಲಿ. ಕ್ಯೂಎಕ್ಸ್ ಅಂಟದ ಜಾತಿ ಅಂತ ಪೆಸಿಫಿಕ್ ಆಯ್ಸ್ಟರ್ ತಂದು ಹಾಕಿದರು. ಪಾಮ್ಸ್ ಕೊಲ್ಲುವುದು ಆ ಪೆಸಿಫಿಕ್ ಅನ್ನೇ! ರಾಕ್ ಆಯ್ಸ್ಟರ್ ಇದ್ದಿದ್ದರೆ ಈ ವೈರಸ್ಸಿಗೆ ಸಾಯುತ್ತಿರಲಿಲ್ಲ.

ಈ ತಳಿಯ ವೈರಸ್ ಮೊದಲು ಸದ್ದು ಮಾಡಿದ್ದು ಫ್ರಾನ್ಸ್‌ನಲ್ಲಿ, 2008ರಲ್ಲಿ. 2010ರಲ್ಲಿ ನ್ಯೂಜಿಲೆಂಡ್, ಅದೇ ವರ್ಷ ಸಿಡ್ನಿಯ ಜಾರ್ಜಸ್ ನದಿ. ಆಮೇಲೆ ನಾವು. 2016ರ ಬೇಸಿಗೆಯಲ್ಲಿ ನಿಮ್ಮ ಟಾಸ್ಮೇನಿಯಾ. ಅದು ಬರೀ ನಿಮ್ಮೂರಿನ ನಷ್ಟವಾಗಿರಲಿಲ್ಲ. ದೇಶದ ಆಯ್ಸ್ಟರ್ ಮರಿಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಬರುತ್ತಿದ್ದದ್ದೇ ಅಲ್ಲಿನ ಹ್ಯಾಚರಿಗಳಿಂದ (ಮರಿ ಮಾಡುವ ಕೇಂದ್ರಗಳಿಂದ). ರೋಗ ಬಂದದ್ದೇ ದಕ್ಷಿಣ ಆಸ್ಟ್ರೇಲಿಯಾ ಆ ಮರಿಗಳಿಗೆ ಬಾಗಿಲು ಹಾಕಿತು. ರೋಗ ಇಲ್ಲದ ಆ ಕಡೆಯ ರೈತರೂ ಮರಿ ಇಲ್ಲದೆ ಕೂತರು.

ಲಸಿಕೆ ಕೇಳಿದೆಯಲ್ಲ. ನಮ್ಮ ಹಾಗೆ ಆಯ್ಸ್ಟರ್ ಮೈಯಲ್ಲಿ ಆ್ಯಂಟಿಬಾಡಿ ಹುಟ್ಟುವುದಿಲ್ಲ. ಹಾಗಾಗಿ ನಾವು ಹಾಕಿಸಿಕೊಳ್ಳುವಂಥ ಲಸಿಕೆಗೆ ಅಲ್ಲಿ ಕೆಲಸವಿಲ್ಲ. ಔಷಧಿ ಅಂತೀಯಾ, ನಮ್ಮ ಮನೆಯದು ಅಡಿಕೆ ತೋಟ. ಕೊಳೆ ರೋಗ ಬರುತ್ತದೆ ಅಂದರೆ ಮಳೆಗಾಲಕ್ಕೆ ಮುಂಚೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಉಬ್ಬರ ಇಳಿತದಲ್ಲಿ ದಿನಾ ನೀರು ಬದಲಾಗುವ ಅಳಿವೆಗೆ ಏನು ಹೊಡೆಯುತ್ತೀಯಾ? ಅಲ್ಲಿನ ಬಂಡೆಗಳ ಮೇಲೆ ತಾನಾಗಿ ಬೆಳೆದ ಪೆಸಿಫಿಕ್ ಆಯ್ಸ್ಟರ್‌ನಲ್ಲೂ ಅದೇ ವೈರಸ್ ಕೂತಿರುತ್ತದೆ.

ಇನ್ನು ಬಿಸಿ. ನೀರು ಬೆಚ್ಚಗಾದಾಗಲೇ ಈ ವೈರಸ್ ಜೋರು. ಮೊದಲು ಆಯ್ಸ್ಟರಿನ ರಕ್ತಕಣಗಳನ್ನು ಹಿಡಿಯುತ್ತದೆ. ಕಾವಲು ಹೋದ ಮೇಲೆ ಬ್ಯಾಕ್ಟೀರಿಯಾ ನುಗ್ಗಿ ಮುಗಿಸುತ್ತವೆ. ಆ ಹೊತ್ತಿನಲ್ಲಿ ನೀನು ಬುಟ್ಟಿ ಎತ್ತಿ, ಮಷಿನ್‌ನಲ್ಲಿ ಕುಲುಕಿ, ಒಂದು ಕಡೆಯದನ್ನು ಇನ್ನೊಂದು ಕಡೆ ಬೆರೆಸಿದರೆ, ಸುಸ್ತಾದ ಜೀವಕ್ಕೆ ಇನ್ನೊಂದು ಪೆಟ್ಟು. ಅದಕ್ಕೇ ಬೋರ್ಡಿನ ಮೇಲೆ 19 ಬರೆದದ್ದು.

ಗಜನಿ_ಗೌಡ:
ನಿಮ್ಮ ಮಾತು ಒಪ್ಪಿದೆ, ಆದರೆ ಪಾಪ ಎಲ್ಲ ನೀರಿನ ಮೇಲೇ ಹಾಕಬೇಡಿ. ನಮ್ಮ ಗಜನಿಯಲ್ಲಿ (ಉಪ್ಪುನೀರಿನ ಗದ್ದೆಯಲ್ಲಿ) ಸೀಗಡಿಗೆ ವೈಟ್ ಸ್ಪಾಟ್ ರೋಗ ಬಂದಾಗ ನಾವೂ ಹಾಗೇ ಅಂದಿದ್ದೆವು. ನಿಜ ಹೇಳಬೇಕೆಂದರೆ ಆಸೆಗೆ ಬಿದ್ದು ಮರಿ ಜಾಸ್ತಿ ಬಿಟ್ಟಿದ್ದೆವು, ಎಲ್ಲಿಂದ ಬಂದ ಮರಿ ಅಂತಲೂ ಕೇಳಿರಲಿಲ್ಲ.

ಶಿರಸಿ_ಟು_ಸಿಡ್ನಿ:
ಗೌಡ್ರೇ, ಅದೂ ಸರಿ. ಈಗ ಬುಟ್ಟಿಗೆ ಕಡಿಮೆ ತುಂಬುತ್ತಾರೆ. ಜಾರ್ಜಸ್ ನದಿ, ಹಾಕ್ಸ್‌ಬರಿಯಲ್ಲಿ ಟ್ರೇಗಳನ್ನು 300 ಮಿಲಿಮೀಟರ್ ಎತ್ತರಿಸಿ ಕಟ್ಟಿ ನೋಡಿದರು. ನೀರಿನಲ್ಲಿ ಮುಳುಗಿರುವ ಹೊತ್ತು ಕಡಿಮೆಯಾಗಿ, ಬಲಿತ ಆಯ್ಸ್ಟರ್ ಸಾಯುವುದೂ ಕಡಿಮೆಯಾಯಿತು. ಮರಿಗಳಿಗೆ ಆ ಉಪಾಯ ಅಷ್ಟು ನಡೆಯಲಿಲ್ಲ. ಎತ್ತರ ಕಟ್ಟಿದರೆ ಮೇವೂ ಕಡಿಮೆ, ಬೆಳೆಯುವುದು ನಿಧಾನ. ಟಾಸ್ಮೇನಿಯಾದಲ್ಲಿ ನಿಜವಾಗಿ ಕೈ ಹಿಡಿದದ್ದು ತಳಿ. ರೋಗದಲ್ಲಿ ಬದುಕಿ ಉಳಿದ ಆಯ್ಸ್ಟರ್ ಕುಟುಂಬಗಳಿಂದ ಮರಿ ತೆಗೆದು, ಅವುಗಳಲ್ಲಿ ಗಟ್ಟಿಯಾದದ್ದನ್ನು ಮತ್ತೆ ಆರಿಸಿ, ವರ್ಷ ವರ್ಷ ಅದೇ ಕೆಲಸ. ತಮ್ಮಾ, ನೀನು ಮುಟ್ಟುತ್ತಿರುವುದು ಬಹುಶಃ ಆ ಮರಿಗಳನ್ನೇ.

ಬಳಚು_ಹುಡುಗ:
ತುಂಬಾ ಥ್ಯಾಂಕ್ಸ್ ಅಣ್ಣ, ಅಕ್ಕ, ಗೌಡ್ರೇ. ಮತ್ಸ್ಯಗಂಧಿ ಅಕ್ಕ ಬರೆದದ್ದನ್ನು ಅಮ್ಮನಿಗೆ ಹಾಗೇ ಓದಿ ಹೇಳಿದೆ. ಹರ್ಪಿಸ್ ಚಿಂತೆ ಬಿಟ್ಟಳು, ಈಗ ಗ್ಲೌಸ್ ಹಾಕಿದ ಫೋಟೋ ದಿನಾ ಕಳಿಸಬೇಕಂತೆ.

ಇವತ್ತು ಬೋರ್ಡಿನಲ್ಲಿ 20 ಇತ್ತು. ನಮ್ಮನ್ನು ಶೆಡ್ಡಿನಲ್ಲೇ ಕೂರಿಸಿ ಹಳೇ ಬುಟ್ಟಿಗಳ ಕ್ಲಿಪ್ ಬದಲಿಸಲು ಹೇಳಿದರು. ಮಧ್ಯಾಹ್ನ ಬಾಸ್ ಒಬ್ಬರೇ ದೋಣಿಯಲ್ಲಿ ಹೋದರು. ದೂರದ ಸಾಲಿನಿಂದ ಒಂದೇ ಒಂದು ಆಯ್ಸ್ಟರ್ ತಂದು ಮೇಜಿನ ಮೇಲೆ ಇಟ್ಟು, ಬೆರಳಲ್ಲಿ ತಟ್ಟಿ ನೋಡಿದರು. ಮುಚ್ಚಿಕೊಂಡಿತು.